ರೈನ್ ನದಿಯ ಬದಿಯಲ್ಲಿ ರೈಲು: ನಿಧಾನದ ಗಾಡಿಯನ್ನೇ ಹಿಡಿಯಿರಿ

ಉಡುಪಿ, ಮಂಗಳೂರಿನಿಂದ ಅಪ್ಪ-ಅಮ್ಮ ಜರ್ಮನಿಗೆ ಬಂದಾಗ ಹೆಚ್ಚಿನವರ ಲೆಕ್ಕಾಚಾರ ಒಂದೇ. ಕ್ಯೋಲ್ನ್ (ಕಲೋನ್) ಕೆಥೆಡ್ರಲ್ ತೋರಿಸುವುದು, ಆಮೇಲೆ ರೈನ್ ನದಿ ನೋಡುತ್ತಾ ಫ್ರಾಂಕ್‌ಫರ್ಟ್‌ಗೆ ಹೋಗುವುದು. ಜರ್ಮನ್ ರೈಲ್ವೆಯ ಆ್ಯಪ್‌ನಲ್ಲಿ ಈ ಎರಡು ಊರಿನ ಹೆಸರು ಹಾಕಿದರೆ ಮೇಲೆಯೇ ಕಾಣುವುದು ಒಂದು ಗಂಟೆ ಚಿಲ್ಲರೆಯಲ್ಲಿ ತಲುಪಿಸುವ ಐಸಿಇ ಎಂಬ ಅತಿವೇಗದ ಗಾಡಿ. ಬೇಗ ಹೋಗುತ್ತದಲ್ಲ ಎಂದು ಅದನ್ನೇ ಬುಕ್ ಮಾಡುತ್ತಾರೆ, ಅಲ್ಲೇ ತಪ್ಪುವುದು. ಆ ಗಾಡಿ ಓಡುವುದು 2002ರಲ್ಲಿ ತೆರೆದ ಹೊಸ ಹಳಿಯ ಮೇಲೆ, ಗಂಟೆಗೆ 300 ಕಿ.ಮೀ. ವೇಗದಲ್ಲಿ, ಗುಡ್ಡ ಕೊರೆದ ಸುರಂಗಗಳ ಒಳಗೆ, ಹೆದ್ದಾರಿಯ ಪಕ್ಕದಲ್ಲಿ. ಕ್ಯೋಲ್ನ್ ಬಿಡುವಾಗ ಸೇತುವೆಯ ಮೇಲಿಂದ ಒಮ್ಮೆ ಕಂಡ ನದಿ ಮತ್ತೆ ಕಾಣಲಿಕ್ಕಿಲ್ಲ.

ನದಿಯ ಬದಿಯಲ್ಲಿರುವುದು ಹಳೆಯ ಹಳಿಗಳು, ಎರಡೂ ದಡದಲ್ಲಿ ಒಂದೊಂದು. ಎಡದಂಡೆಯದು ಕ್ಯೋಲ್ನ್, ಬಾನ್, ಕೋಬ್ಲೆಂಜ್, ಬಿಂಗೆನ್, ಮೈನ್ಸ್ ಹಾದು ಹೋಗುತ್ತದೆ. ಬಲದಂಡೆಯದು ಕೋಬ್ಲೆಂಜ್ ಕಡೆಯಿಂದ ರ್ಯೂಡೆಸ್‌ಹೈಮ್ ಮೂಲಕ ವೀಸ್‌ಬಾಡೆನ್‌ಗೆ. ನೋಡಬೇಕಾದ ತುಂಡು ಕೋಬ್ಲೆಂಜ್‌ನಿಂದ ಬಿಂಗೆನ್‌ವರೆಗಿನ ಸುಮಾರು 65 ಕಿ.ಮೀ.; 2002ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಕಣಿವೆ. ಎಡದಂಡೆಯಲ್ಲಿ ಕೆಲವು ಐಸಿಇಗಳೂ ಐಸಿ ಎಂಬ ದೂರದ ಗಾಡಿಗಳೂ ಓಡುತ್ತವೆ, ಆದರೆ ಅವು ನಡುವಿನ ಸಣ್ಣ ಊರುಗಳಲ್ಲಿ ನಿಲ್ಲುವುದಿಲ್ಲ. ಇಳಿದು ಹತ್ತಿ ನೋಡುವವರಿಗೆ ಆರ್‌ಬಿ 26 ಎಂಬ ಲೋಕಲ್ ಗಾಡಿ ಸರಿ. ಕ್ಯೋಲ್ನ್‌ನಿಂದ ಮೈನ್ಸ್‌ಗೆ ಹತ್ತಿರ ಹತ್ತಿರ ಮೂರು ಗಂಟೆ ಹಿಡಿಯುತ್ತದೆ. ಹಿಡಿಯಲಿ.

ಒಂದು ವಿಷಯ ನಕ್ಷೆ ನೋಡಿದರೂ ಥಟ್ಟನೆ ಹೊಳೆಯುವುದಿಲ್ಲ. ಕೋಬ್ಲೆಂಜ್ ದಾಟಿದರೆ ಮೈನ್ಸ್-ವೀಸ್‌ಬಾಡೆನ್ ತಲುಪುವವರೆಗೆ ನದಿಗೆ ಒಂದೇ ಒಂದು ಸೇತುವೆ ಇಲ್ಲ. ಎದುರು ದಡದ ಕೋಟೆ ಕೈಗೆಟಕುವಷ್ಟು ಹತ್ತಿರ ಕಂಡರೂ ದಾಟಲು ಫೆರಿಯೇ ಬೇಕು. ಸುಲ್ತಾನ್ ಬತ್ತೇರಿಯಿಂದ ತಣ್ಣೀರುಬಾವಿಗೆ ಹೋಗುವ ಹಾಗೆಯೇ, ಆದರೆ ಇಲ್ಲಿ ಕಾರನ್ನೂ ಹತ್ತಿಸಿಕೊಳ್ಳುತ್ತಾರೆ. ಬೊಪ್ಪಾರ್ಡ್, ಸಾಂಕ್ಟ್ ಗೋಆರ್, ಕೌಬ್, ಬಿಂಗೆನ್‌ನಲ್ಲಿ ಫೆರಿ ಇದೆ. ಹಾಗಾಗಿ ಹೋಟೆಲ್ ಹುಡುಕುವ ಮೊದಲು ಯಾವ ದಡ ಎಂದು ನಿಶ್ಚಯ ಮಾಡಿಕೊಳ್ಳಿ.

ದಿನಕ್ಕೊಂದು ಊರು, ದಿನಕ್ಕೊಂದು ಹೋಟೆಲ್ ಎಂಬ ಪ್ಲ್ಯಾನು ಕಾಗದದಲ್ಲಿ ಚಂದ. 23 ಕಿಲೋದ ಎರಡು ಸೂಟ್‌ಕೇಸು, ಮಂಡಿನೋವಿನ ಅಮ್ಮ, ಲಿಫ್ಟ್ ಕೆಟ್ಟು ನಿಂತ ನಿಲ್ದಾಣ ಮೂರೂ ಒಟ್ಟಾದರೆ ಎರಡನೇ ದಿನಕ್ಕೇ ಸಾಕಾಗುತ್ತದೆ. ಇಲ್ಲಿ ಪೋರ್ಟರ್ ಸಿಗುವುದಿಲ್ಲ. ನಮ್ಮ ಸಲಹೆ: ಕ್ಯೋಲ್ನ್‌ನಲ್ಲಿ ಒಂದು ರಾತ್ರಿ, ಕೋಬ್ಲೆಂಜ್‌ನಲ್ಲಿ ಎರಡು, ಆಮೇಲೆ ಮೈನ್ಸ್ ಅಥವಾ ಇನ್ನೂ ದಕ್ಷಿಣಕ್ಕೆ. ಕೋಬ್ಲೆಂಜ್‌ನಲ್ಲಿ ಸಾಮಾನು ಇಟ್ಟು ಒಂದು ಇಡೀ ದಿನ ನದಿಗೆ ಸುತ್ತು ಹಾಕಿ ಬನ್ನಿ.

ಆ ಸುತ್ತು ಹೀಗೆ. ಬೆಳಿಗ್ಗೆ ಎಡದಂಡೆಯ ಆರ್‌ಬಿ 26 ಹಿಡಿದು ಬಾಖರಾಖ್‌ನಲ್ಲಿ ಇಳಿಯಿರಿ. ಮರದ ಚೌಕಟ್ಟಿನ ಮನೆಗಳ ಸಣ್ಣ ಊರು, ಎರಡು ಗಂಟೆ ಸಾಕು. ಮತ್ತೆ ರೈಲು ಹತ್ತಿ ಬಿಂಗೆನ್, ಅಲ್ಲಿಂದ ಫೆರಿಯಲ್ಲಿ ರ್ಯೂಡೆಸ್‌ಹೈಮ್, ಅಲ್ಲಿಂದ ಬಲದಂಡೆಯ ಆರ್‌ಬಿ 10ರಲ್ಲಿ ಸುಮಾರು ಒಂದು ಗಂಟೆಯಲ್ಲಿ ಕೋಬ್ಲೆಂಜ್. ರೈಲು ಹೋಗುವ ದಿಕ್ಕಿಗೆ ಮುಖ ಮಾಡಿ ಲೆಕ್ಕ ಹಾಕಿದರೆ ಹೋಗುವಾಗಲೂ ಬರುವಾಗಲೂ ನದಿ ಎಡಗಡೆಗೇ ಇರುತ್ತದೆ. ಸಾಂಕ್ಟ್ ಗೋಆರ್ ಬಿಟ್ಟ ಕೂಡಲೇ ಮೊಬೈಲ್ ಕೈಯಲ್ಲಿರಲಿ. ಎದುರು ದಡದಲ್ಲಿ ಸುಮಾರು 132 ಮೀಟರ್ ಎತ್ತರದ ಲೋರೆಲೈ ಬಂಡೆ ಕಾಣುತ್ತದೆ, ಅಷ್ಟರಲ್ಲಿ ಗಾಡಿ ಸುರಂಗಕ್ಕೆ ನುಗ್ಗುತ್ತದೆ. ಇಂಥ ಸುರಂಗಗಳು ಅಲ್ಲಿ ಒಂದರ ಹಿಂದೆ ಒಂದಿವೆ, ನಡುನಡುವೆ ಬೆಳಕು ಬಂದಾಗ ಸಿಕ್ಕಿದ್ದೇ ಫೋಟೋ. ಓಬರ್‌ವೇಸೆಲ್ ದಾಟಿದ ಮೇಲೆ ನದಿಯ ನಡುಗಡ್ಡೆಯಲ್ಲಿ ಬಿಳಿಯ ಗೋಡೆಯ ಪುಟ್ಟ ಕೋಟೆ ಬರುತ್ತದೆ. ಹೋಗಿಬರುವ ಹಡಗುಗಳಿಂದ ಸುಂಕ ವಸೂಲಿ ಮಾಡಲು ಕಟ್ಟಿದ್ದು ಅದು.

ಬಲದಂಡೆಯ ಹಳಿಯನ್ನು 2026ರ ಜುಲೈಯಿಂದ ಡಿಸೆಂಬರ್‌ವರೆಗೆ ಪೂರ್ತಿ ಮುಚ್ಚಿ ದುರಸ್ತಿ ಮಾಡುವ ಯೋಜನೆ ಇದೆ. ಆ ತಿಂಗಳುಗಳಲ್ಲಿ ಹೋಗುವವರು ಹಿಂದೆ ಬರುವುದಕ್ಕೂ ಎಡದಂಡೆಯನ್ನೇ ನೆಚ್ಚಿಕೊಳ್ಳಿ. ಆ್ಯಪ್‌ನಲ್ಲಿ ‘ಎಸ್‌ಇವಿ’ ಎಂದು ಕಂಡರೆ ರೈಲಿನ ಬದಲು ಬಸ್ ಎಂದರ್ಥ. ಬಸ್ ನಿಲ್ಲುವ ಜಾಗ ಸ್ಟೇಷನ್ನಿನ ಎದುರೇ ಇರುತ್ತದೆ ಎನ್ನುವಂತಿಲ್ಲ, ಹತ್ತು ನಿಮಿಷ ಹೆಚ್ಚಿಗೆ ಇಟ್ಟುಕೊಳ್ಳಿ.

ಟಿಕೆಟ್ ಬೇರೆ, ಸೀಟು ಬೇರೆ

ನಮ್ಮೂರಲ್ಲಿ ಮತ್ಸ್ಯಗಂಧಾಕ್ಕೆ ರಿಸರ್ವೇಶನ್ ಮಾಡಿದರೆ ಗಾಡಿ, ಬೋಗಿ, ಬರ್ತ್ ಎಲ್ಲ ಒಂದೇ ಚೀಟಿಯಲ್ಲಿ. ವೇಟಿಂಗ್ ಲಿಸ್ಟ್, ತತ್ಕಾಲ್ ನಮಗೆ ಬಾಯಿಪಾಠ. ಜರ್ಮನಿಯಲ್ಲಿ ಅದು ಯಾವುದೂ ಇಲ್ಲ. ಟಿಕೆಟ್ ಎಂದರೆ ಹತ್ತುವ ಹಕ್ಕು ಮಾತ್ರ. ಐಸಿಇ, ಐಸಿಯಲ್ಲಿ ಸೀಟು ಬೇಕಿದ್ದರೆ ತಲೆಗೆ ಐದಾರು ಯೂರೋ ಬೇರೆ ಕೊಟ್ಟು ಕಾದಿರಿಸಬೇಕು. ಹಿರಿಯರು ಜೊತೆಗಿದ್ದರೆ ಇದರಲ್ಲಿ ಜಿಪುಣತನ ಮಾಡಬೇಡಿ. ಲೋಕಲ್ ಗಾಡಿಗಳಲ್ಲಿ ಈ ಪ್ರಶ್ನೆಯೇ ಇಲ್ಲ, ಸಿಕ್ಕಲ್ಲಿ ಕೂರುವುದು.

ದೂರದ ಗಾಡಿಗಳ ದರ ಮೂರು ಬಗೆ. ಸೂಪರ್ ಶ್ಪಾರ್‌ಪ್ರೈಸ್ ಅತಿ ಅಗ್ಗ, ರದ್ದು ಮಾಡಿದರೆ ಒಂದು ಕಾಸೂ ಬರುವುದಿಲ್ಲ. ಶ್ಪಾರ್‌ಪ್ರೈಸ್ ಅನ್ನು ಹಿಂದಿನ ದಿನದವರೆಗೆ ಶುಲ್ಕ ಕೊಟ್ಟು ರದ್ದು ಮಾಡಬಹುದು, ಹಣ ವೋಚರ್ ಆಗಿ ಬರುತ್ತದೆ. ಫ್ಲೆಕ್ಸ್‌ಪ್ರೈಸ್ ದುಬಾರಿ, ಆ ದಿನದ ಯಾವ ಗಾಡಿಯಾದರೂ ಆದೀತು. ಮೊದಲ ಎರಡರಲ್ಲಿ ‘ಟ್ಸೂಗ್‌ಬಿಂಡುಂಗ್’ ಇದೆ, ಅಂದರೆ ಬುಕ್ ಮಾಡಿದ ಗಾಡಿಗೇ ಕಟ್ಟುಬಿದ್ದಿರಬೇಕು. ತಲುಪುವುದು 20 ನಿಮಿಷ ಅಥವಾ ಹೆಚ್ಚು ತಡವಾಗುತ್ತದೆ ಎಂದು ಗೊತ್ತಾದರೆ ಆ ಕಟ್ಟು ತಾನಾಗಿ ಸಡಿಲ. ಬೇರೆ ಗಾಡಿ ಹತ್ತಬಹುದು. ತಡ 60 ನಿಮಿಷವಾದರೆ ಶೇ. 25, 120 ನಿಮಿಷವಾದರೆ ಶೇ. 50 ಹಣ ವಾಪಸ್, ಆ್ಯಪ್‌ನಲ್ಲೇ ಮೂರು ತಿಂಗಳೊಳಗೆ ಕೇಳಬೇಕು. ವಿಪರೀತ ಹವಾಮಾನದಂಥ ಕಾರಣಕ್ಕೆ ಆದ ತಡಕ್ಕೆ ಹಣ ಕೊಡಬೇಕೆಂದಿಲ್ಲ. ಜರ್ಮನ್ ರೈಲು ಗಡಿಯಾರದಂತೆ ಎಂಬ ನಂಬಿಕೆ ಊರಲ್ಲಿ ಇನ್ನೂ ಇದೆ. 2024ರಲ್ಲಿ ಸಮಯಕ್ಕೆ ಬಂದ ದೂರದ ಗಾಡಿಗಳು ಶೇ. 62.5, ಅದೂ ಆರು ನಿಮಿಷದೊಳಗಿನ ತಡವನ್ನು ಲೆಕ್ಕಕ್ಕೆ ಹಿಡಿಯದೆ.

ನದಿ ಪ್ರಯಾಣಕ್ಕೆ ಹೇಳಿಮಾಡಿಸಿದ ತಿಂಗಳ ಪಾಸು ಡಾಯ್ಚ್‌ಲ್ಯಾಂಡ್ ಟಿಕೆಟ್. 2023ರ ಮೇಯಲ್ಲಿ 49 ಯೂರೋ ಇದ್ದದ್ದು 2025ರಲ್ಲಿ 58, 2026ರ ಜನವರಿಯಿಂದ 63 ಆಗಿದೆ. ದೇಶದ ಎಲ್ಲ ಲೋಕಲ್ ಗಾಡಿ (ಆರ್‌ಬಿ, ಆರ್‌ಇ, ಎಸ್-ಬಾನ್), ಊರೊಳಗಿನ ಬಸ್, ಟ್ರ್ಯಾಮ್‌ಗೆ ನಡೆಯುತ್ತದೆ. ಐಸಿ, ಐಸಿಇಗೆ ನಡೆಯುವುದಿಲ್ಲ. ಎಡವುವ ಜಾಗಗಳು ಇಲ್ಲಿವೆ: ಇದು ಕ್ಯಾಲೆಂಡರ್ ತಿಂಗಳಿನದು, ಕೊಂಡ ದಿನದಿಂದ 30 ದಿನದ್ದಲ್ಲ. ಪ್ರಯಾಣ 29ರಿಂದ 3ಕ್ಕೆ ಇದ್ದರೆ ಎರಡು ತಿಂಗಳ ದುಡ್ಡು. ಇದು ಚಂದಾ ಕೂಡ. ನಿಲ್ಲಿಸಬೇಕಿದ್ದರೆ ಆ ತಿಂಗಳ 10ರೊಳಗೆ ಹೇಳಬೇಕು, ಇಲ್ಲವಾದರೆ ಮುಂದಿನ ತಿಂಗಳದ್ದೂ ಕತ್ತರಿಸುತ್ತಾರೆ. ಅಪ್ಪ-ಅಮ್ಮ ಊರಿಗೆ ಮುಟ್ಟಿ ವಾರ ಕಳೆದ ಮೇಲೆ ಬ್ಯಾಂಕ್ ಮೆಸೇಜ್ ಬರುವುದು ಹೀಗೆಯೇ. ಒಬ್ಬರದ್ದು ಇನ್ನೊಬ್ಬರಿಗೆ ನಡೆಯದು, ಹೆಸರು ಪಾಸ್‌ಪೋರ್ಟ್‌ನಲ್ಲಿ ಇದ್ದಂತೆಯೇ ಇರಬೇಕು. ನಮ್ಮ ಕಡೆ ಹಲವರ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ ಇರುತ್ತದೆ, ಇಲ್ಲವೇ ಇನಿಶಿಯಲ್ ಬಿಡಿಸಿ ಮನೆತನದ ಹೆಸರು ಬರೆದಿರುತ್ತಾರೆ. ಊರಲ್ಲಿ ಕರೆಯುವ ಹೆಸರು ತುಂಬಿಸಬೇಡಿ, ಟಿಸಿ ಪಾಸ್‌ಪೋರ್ಟ್ ಜೊತೆ ತಾಳೆ ನೋಡುತ್ತಾರೆ. ಸ್ಟೇಷನ್ನಿನಲ್ಲಿ ಗೇಟ್ ಇಲ್ಲವೆಂದು ಟಿಕೆಟ್ ಇಲ್ಲದೆ ಹತ್ತಿದರೆ ಲೋಕಲ್ ಗಾಡಿಯಲ್ಲಿ ದಂಡ 60 ಯೂರೋ.

ಒಂದೇ ದಿನದ ಸುತ್ತಿಗೆ, ಐದು ಜನರವರೆಗಿನ ಗುಂಪಿಗೆ, ರೈನ್‌ಲ್ಯಾಂಡ್-ಫಾಲ್ಸ್ ರಾಜ್ಯದ ದಿನದ ಟಿಕೆಟ್ ಅಗ್ಗ ಬೀಳಬಹುದು. ವಾರದ ದಿನಗಳಲ್ಲಿ ಬೆಳಿಗ್ಗೆ 9ರ ಮೇಲೆಯೇ ಅದು ಚಾಲ್ತಿ. 8.50ರ ಗಾಡಿ ಹತ್ತಿ ವಾದ ಮಾಡಿ ಪ್ರಯೋಜನವಿಲ್ಲ.

ಎಲ್ಲಕ್ಕಿಂತ ಹೆಚ್ಚು ದುಡ್ಡು ಹೋಗುವುದು ಎರಡು ಟಿಕೆಟ್ ಬೆರೆಸಿದಾಗ. ಬಾಖರಾಖ್‌ನಿಂದ ಮೈನ್ಸ್‌ಗೆ ಡಾಯ್ಚ್‌ಲ್ಯಾಂಡ್ ಟಿಕೆಟ್‌ನಲ್ಲಿ ಬಂದು, ಅಲ್ಲಿಂದ ಸೂಪರ್ ಶ್ಪಾರ್‌ಪ್ರೈಸ್‌ನ ಐಸಿಇ ಹಿಡಿಯುವವರು ಇದ್ದಾರೆ. ಲೋಕಲ್ ಗಾಡಿ ತಡವಾಗಿ ಐಸಿಇ ತಪ್ಪಿದರೆ ರೈಲ್ವೆಯ ಕಣ್ಣಿಗೆ ಅವು ಎರಡು ಬೇರೆ ಬೇರೆ ಪ್ರಯಾಣ; ಹೊಸ ಟಿಕೆಟ್ ಕೊಳ್ಳುವುದು ನಿಮ್ಮ ತಲೆಗೆ. ಅಂಥ ದಿನ ಇಡೀ ದಾರಿಗೆ ಒಂದೇ ಟಿಕೆಟ್ ಮಾಡಿಸಿ. ಬುಕಿಂಗ್‌ನಲ್ಲಿ ‘ಟ್ಸ್ವಿಷನ್‌ಹಾಲ್ಟ್’ ಎಂಬಲ್ಲಿ ನಡುವಿನ ಊರು, ಅಲ್ಲಿ ನಿಲ್ಲುವ ಹೊತ್ತು ಎರಡನ್ನೂ ತುಂಬಬಹುದು. ಇಲ್ಲವೇ ನಡುವೆ ಒಂದೂವರೆ ಗಂಟೆಯಾದರೂ ಬಿಡಿ. 6ರಿಂದ 14 ವರ್ಷದ ಮಕ್ಕಳು ದೊಡ್ಡವರ ಜೊತೆ ದೂರದ ಗಾಡಿಯಲ್ಲಿ ಉಚಿತ, ಆದರೆ ಬುಕ್ ಮಾಡುವಾಗಲೇ ಅವರನ್ನು ಸೇರಿಸಬೇಕು.

ಸೆಂಟ್ರಲ್ಲೋ ಜಂಕ್ಷನ್ನೋ

ಮಂಗಳೂರು ಸೆಂಟ್ರಲ್‌ಗೆ ಹೋಗಬೇಕಾದವರು ಕಂಕನಾಡಿಯ ಜಂಕ್ಷನ್‌ಗೆ ಹೋಗಿ ನಿಂತ ಕತೆಗೆ ಇಲ್ಲೂ ಸಮ ಇದೆ. ಕೆಲವು ಐಸಿಇ ಕ್ಯೋಲ್ನ್ ಮುಖ್ಯ ನಿಲ್ದಾಣಕ್ಕೆ ಬಾರದೆ ನದಿಯಾಚೆಯ ಮೆಸ್ಸೆ/ಡಾಯ್ಟ್ಸ್‌ನಲ್ಲೇ ನಿಲ್ಲುತ್ತವೆ. ಬಿಂಗೆನ್‌ನಲ್ಲಿ ‘ಹಾಪ್ಟ್‌ಬಾನ್‌ಹೋಫ್’ (ಮುಖ್ಯ ನಿಲ್ದಾಣ) ಎಂದು ದೊಡ್ಡ ಹೆಸರು ಇಟ್ಟುಕೊಂಡಿರುವುದು ಪೇಟೆಯಿಂದ ದೂರ. ಪೇಟೆಗೆ, ಫೆರಿಗೆ ಹತ್ತಿರದ್ದು ‘ಬಿಂಗೆನ್ ಶ್ಟಾಟ್’. ಕೋಬ್ಲೆಂಜ್‌ನ ಹಳೇ ಪೇಟೆಗೂ ‘ಶ್ಟಾಟ್‌ಮಿಟ್ಟೆ’ಯೇ ಹತ್ತಿರ.

ಪ್ಲಾಟ್‌ಫಾರ್ಮಿಗೆ ಇಲ್ಲಿ ಗ್ಲೈಸ್ ಎನ್ನುತ್ತಾರೆ. ಅದನ್ನು ಎ, ಬಿ, ಸಿ ಎಂದು ತುಂಡು ಮಾಡಿರುತ್ತಾರೆ, ನಿಮ್ಮ ಬೋಗಿ ಯಾವ ಅಕ್ಷರದ ಎದುರು ನಿಲ್ಲುತ್ತದೆಂದು ಬೋರ್ಡ್‌ನಲ್ಲಿ ಕಾಣುತ್ತದೆ. ಆ ಬೋರ್ಡಿನ ಬಿಳಿ ಪಟ್ಟಿಯಲ್ಲಿ ಓಡುವ ಅಕ್ಷರಗಳ ಮೇಲೆ ಕಣ್ಣಿಡಿ. ‘ಉಮ್‌ಗೆಕೇರ್ಟೆ ವಾಗನ್‌ರೈಹುಂಗ್’ ಎಂದರೆ ಬೋಗಿಗಳ ಕ್ರಮ ಇವತ್ತು ತಿರುಗಾಮುರುಗಾ; ಎ ಹತ್ತಿರ ನಿಂತವರು ಸಾಮಾನು ಎಳೆದುಕೊಂಡು ಇನ್ನೊಂದು ತುದಿಗೆ ಓಡಬೇಕು. ‘ಹೊಯ್ಟೆ ಗ್ಲೈಸ್’ ಮತ್ತು ಒಂದು ಸಂಖ್ಯೆ ಕಂಡರೆ ಪ್ಲಾಟ್‌ಫಾರ್ಮೇ ಬದಲು. ಬಾಗಿಲು ತಾನಾಗಿ ತೆರೆಯುವುದಿಲ್ಲ, ಗುಂಡಿ ಒತ್ತಬೇಕು. ಹೊರಡುವ ಹೊತ್ತಿಗೆ ಸ್ವಲ್ಪ ಮೊದಲೇ ಅದು ಮುಚ್ಚಿಕೊಳ್ಳುತ್ತದೆ, ಓಡಿಬಂದು ಹತ್ತುವ ಅಭ್ಯಾಸ ಬಿಡಿ.

ಭಾನುವಾರ ಅಂಗಡಿ ಮುಚ್ಚಿರುತ್ತದೆ, ದೊಡ್ಡ ನಿಲ್ದಾಣದೊಳಗಿನವು ಮಾತ್ರ ತೆರೆದಿರುತ್ತವೆ. ಸಣ್ಣ ಊರುಗಳಲ್ಲಿ ಶುದ್ಧ ಸಸ್ಯಾಹಾರ ಹುಡುಕುತ್ತಾ ಹೊತ್ತು ಕಳೆಯುವ ಬದಲು ಚಿತ್ರಾನ್ನವೋ ಚಪಾತಿಯೋ ಕಟ್ಟಿಕೊಳ್ಳಿ. ಗಾಡಿಯಲ್ಲಿ ತಿನ್ನಲು ಯಾರ ಅಡ್ಡಿಯೂ ಇಲ್ಲ. ನದಿಬದಿಯ ಊರಲ್ಲಿ ರಾತ್ರಿ ತಂಗುವುದಾದರೆ ಹಳಿಗೆ ಬೆನ್ನು ಹಾಕಿದ ಕೋಣೆ ಕೇಳಿ. ಗೂಡ್ಸ್ ಗಾಡಿಗಳು ಎರಡೂ ದಡದಲ್ಲಿ ರಾತ್ರಿಯಿಡೀ ಓಡುತ್ತವೆ.

ಮೈನ್ಸ್‌ನಿಂದ ದಕ್ಷಿಣಕ್ಕೆ ಹಳಿ ನದಿಯ ಸಂಗ ಬಿಡುತ್ತದೆ. ಕಾರ್ಲ್ಸ್‌ರೂಅದಿಂದ ಬಾಸೆಲ್‌ವರೆಗೆ ಎಡಕ್ಕೆ ಬ್ಲ್ಯಾಕ್ ಫಾರೆಸ್ಟ್ ಗುಡ್ಡಗಳು ಕಾಣುತ್ತವೆ, ನೀರು ಕಾಣುವುದಿಲ್ಲ. ಇಲ್ಲಿ ಐಸಿಇ ಹಿಡಿದು ಹೊತ್ತು ಉಳಿಸಿಕೊಳ್ಳಿ. ಸ್ಟ್ರಾಸ್‌ಬರ್ಗ್ ನೋಡುವವರು ಓಫೆನ್‌ಬುರ್ಗ್‌ನಲ್ಲಿ ಬದಲಿಸಿ ಲೋಕಲ್‌ನಲ್ಲಿ ಕೇಲ್‌ವರೆಗೆ ಬಂದರೆ, 2017ರಿಂದ ಓಡುತ್ತಿರುವ ಡಿ ಟ್ರ್ಯಾಮ್ ರೈನ್ ದಾಟಿಸಿ ಫ್ರಾನ್ಸಿಗೆ ಬಿಡುತ್ತದೆ. ಅದಕ್ಕೆ ಸ್ಟ್ರಾಸ್‌ಬರ್ಗ್‌ನ ಟಿಕೆಟ್ ಬೇರೆ. ಗಡಿಯಲ್ಲಿ ತಪಾಸಣೆ ಇರುತ್ತದೆ. ಬಂದವರು ವೀಸಾ ಇರುವ ಪಾಸ್‌ಪೋರ್ಟ್, ಇಲ್ಲಿದ್ದವರು ಪಾಸ್‌ಪೋರ್ಟ್ ಜೊತೆ ರೆಸಿಡೆನ್ಸ್ ಕಾರ್ಡ್ ಇಟ್ಟುಕೊಳ್ಳಬೇಕು, ಮೊಬೈಲ್‌ನಲ್ಲಿರುವ ಫೋಟೋ ಸಾಲದು. ಬಾಸೆಲ್‌ನಲ್ಲೂ ಎರಡು ನಿಲ್ದಾಣ: ಬಾಡಿಷರ್ ಬಾನ್‌ಹೋಫ್ ಸ್ವಿಸ್ ನೆಲದ ಮೇಲಿದ್ದರೂ ಜರ್ಮನ್ ರೈಲ್ವೆಯದ್ದು, ಡಾಯ್ಚ್‌ಲ್ಯಾಂಡ್ ಟಿಕೆಟ್‌ನವರು ಅಲ್ಲೇ ಇಳಿಯಬೇಕು.