ಮಣಿಕಟ್ಟಿನೊಳಗಿನ ಹೊಲಿಗೆ: ನನ್ನ ಅನುಭವ

ಶಿವಮೊಗ್ಗದಲ್ಲಿ ಮೂಳೆ ಶಸ್ತ್ರಚಿಕಿತ್ಸಕನಾಗಿರುವ ನನ್ನಲ್ಲಿಗೆ ಮಳೆಗಾಲ ಮುಗಿಯುವ ಹೊತ್ತಿಗೆ ತೀರ್ಥಹಳ್ಳಿ, ಹೊಸನಗರದ ಕಡೆಯಿಂದ ಬರುವ ಹಲವರ ದೂರು ಒಂದೇ ಬಗೆಯದು: ಪಾಚಿ ಕಟ್ಟಿದ ಅಂಗಳದಲ್ಲೋ ತೋಟದ ಸಂಕದ ಮೇಲೋ ಜಾರಿ ಕೈಯೂರಿ ಬಿದ್ದಿರುತ್ತಾರೆ, ಎಕ್ಸ್‌ರೇಯಲ್ಲಿ ಮೂಳೆ ಮುರಿದಿರುವುದಿಲ್ಲ, ಆದರೆ ಕೊಡಪಾನ ಎತ್ತುವಾಗ ಅಥವಾ ಕೀಲಿ ತಿರುಗಿಸುವಾಗ ಕಿರುಬೆರಳಿನ ಕಡೆಯ ಮಣಿಕಟ್ಟು ಚುಚ್ಚಿದಂತೆ ನೋಯುತ್ತದೆ.

ಅಲ್ಲಿರುವುದು ಟಿಎಫ್‌ಸಿಸಿ ಎಂದು ನಾವು ಕರೆಯುವ, ತ್ರಿಕೋನಾಕಾರದ ಮೃದ್ವಸ್ಥಿ ಮತ್ತು ಅಸ್ಥಿರಜ್ಜುಗಳ ಹೆಣಿಗೆ. ಅಂಗೈಯನ್ನು ಮೇಲೆ ಕೆಳಗೆ ತಿರುಗಿಸುವಾಗ ಮುಂಗೈಯ ಎರಡು ಮೂಳೆಗಳನ್ನು ಹಿಡಿದಿಡುವುದು ಇದೇ. ಇದರ ಅಂಚಿಗೆ ರಕ್ತ ಹರಿಯುತ್ತದೆ, ಆದ್ದರಿಂದ ಹೊಲಿದರೆ ಕೂಡುತ್ತದೆ. ನಡುಭಾಗಕ್ಕೆ ರಕ್ತವಿಲ್ಲದ ಕಾರಣ ಅಲ್ಲಿನ ಹರಿದ ಎಳೆಗಳನ್ನು ಸವರಿ ನಯಗೊಳಿಸುವುದಷ್ಟೇ ಸಾಧ್ಯ. ಕೀಲು ಸಡಿಲವಾಗಿಲ್ಲದಿದ್ದರೆ ಮೊದಲು ಕೆಲವು ವಾರ ಪಟ್ಟಿ ಕಟ್ಟಿ ನೋಡುತ್ತೇನೆ. ಅನೇಕರಿಗೆ ಅಷ್ಟೇ ಸಾಕಾಗುತ್ತದೆ.

ಅಡಿಕೆ ಕೊನೆ ತೆಗೆಯುವ ಒಬ್ಬ ಯುವಕನ ವಿಷಯದಲ್ಲಿ ನಾನು ತಪ್ಪಿದೆ. ಸಣ್ಣ ಕ್ಯಾಮೆರಾ ತೂರಿಸಿ ಕೀಲಿನ ಒಳಗೆ ನೋಡಿದಾಗ ಅಂಚು ಹರಿದಿದ್ದು ಕಂಡಿತು, ಅದನ್ನು ಕೀಲಿನ ಹೊದಿಕೆಗೆ ಹೊಲಿದು ಮುಗಿಸಿದೆ. ಆರು ತಿಂಗಳ ನಂತರ ಅವನು ಬಂದಾಗ ಮುಂಗೈಯಲ್ಲಿ ಕಿರುಬೆರಳಿನ ಕಡೆಗಿರುವ ಅಲ್ನಾ ಮೂಳೆಯ ತುದಿ ಒತ್ತಿದರೆ ತಗ್ಗಿ, ಬಿಟ್ಟರೆ ಮೇಲೇಳುತ್ತಿತ್ತು. ಮೇಲ್ಪದರದ ಕೆಳಗೆ, ಅಲ್ನಾದ ತುದಿಯ ಫೋವಿಯಾ ಎಂಬ ಕುಳಿಯಲ್ಲಿ ನೆಟ್ಟಿರುವ ಆ ಹೆಣಿಗೆಯ ಬೇರೇ ಕಿತ್ತುಹೋಗಿತ್ತು. ಅದು ಕ್ಯಾಮೆರಾಕ್ಕೆ ನೇರವಾಗಿ ಕಾಣುವುದಿಲ್ಲ. ಕೊಕ್ಕೆ ಹಾಕಿ ಎಳೆದು ನೋಡಬೇಕು, ಮೊದಲ ಸಲ ನಾನು ಎಳೆದಿರಲಿಲ್ಲ. ಇದನ್ನು ಅವನಿಗೂ ಅವನ ತಾಯಿಗೂ ಹಾಗೆಯೇ ಹೇಳಿದೆ. ‘ಈ ಸಲದ ಕೊಯ್ಲು ಹೋಯ್ತಲ್ಲ ಡಾಕ್ಟ್ರೇ’ ಎಂದು ಆ ತಾಯಿ ಅಂದದ್ದು ಇನ್ನೂ ನನ್ನ ಕಿವಿಯಲ್ಲಿದೆ.

ಎರಡನೆಯ ಶಸ್ತ್ರಚಿಕಿತ್ಸೆಯಲ್ಲಿ ಬೆರಳುಗಳಿಗೆ ಜಾಲರಿ ತೊಡಿಸಿ ಕೈಯನ್ನು ನೆಟ್ಟಗೆ ತೂಗುಹಾಕಿ, ಸುಮಾರು 5 ಕೆ.ಜಿ.ಯಷ್ಟು ಸೆಳೆತ ಕೊಟ್ಟು ಕೀಲನ್ನು ಬಿಡಿಸಿದೆ. ಮಣಿಕಟ್ಟಿನ ಹಿಂಬದಿಯಲ್ಲಿ ಚರ್ಮವನ್ನು ಮಾತ್ರ ಕೊಯ್ದು, ಒಳಪದರವನ್ನು ಮೊಂಡು ಇಕ್ಕಳದಿಂದ ಅಗಲಿಸಿ, 2.7 ಮಿ.ಮೀ. ದಪ್ಪದ ಆರ್ಥ್ರೋಸ್ಕೋಪನ್ನು (ಕೀಲಿನೊಳಗೆ ನೋಡುವ ಕ್ಯಾಮೆರಾ ಕೊಳವೆ) ತೂರಿಸಿದೆ, ಕಿರುಬೆರಳಿನ ಬದಿಯಲ್ಲಿ ಸ್ಪರ್ಶ ತಿಳಿಸುವ ಸಣ್ಣ ನರವೊಂದು ಹಾದುಹೋಗುವುದರಿಂದ ಅಲ್ಲಿ ಚೂಪು ಅಲಗನ್ನು ಆಳಕ್ಕೆ ಇಳಿಸಬಾರದು. ಕೊಕ್ಕೆಯನ್ನು ಅಂಚಿಗೆ ಸಿಕ್ಕಿಸಿ ಎಳೆದೊಡನೆ ಇಡೀ ಪದರ ಮೇಲೆದ್ದು ಬಂತು. ಕುಳಿಯ ಮೂಳೆಯನ್ನು ರಕ್ತ ಜಿನುಗುವಷ್ಟು ಕೆರೆದು, ಅಲ್ನಾದೊಳಗೆ ಸಣ್ಣ ಸುರಂಗ ಕೊರೆದು, ದಾರವನ್ನು ಅದರ ಮೂಲಕ ಹೊರಗೆಳೆದು ಬೇರನ್ನು ಅದರ ಜಾಗಕ್ಕೇ ಬಿಗಿದೆ.

ನಂತರ ಮುಂಗೈ ತಿರುಗದಂತೆ ಮೊಣಕೈಯ ಮೇಲಿನವರೆಗೆ 6 ವಾರ ಪ್ಲಾಸ್ಟರ್, ಆಮೇಲೆ ನಿಧಾನವಾಗಿ ವ್ಯಾಯಾಮ. ಮರುವರ್ಷದ ಕೊಯ್ಲಿಗೆ ಅವನು ಮರ ಹತ್ತಿದ. ಅಂಗೈಯನ್ನು ಪೂರ್ತಿ ಮೇಲೆ ತಿರುಗಿಸುವುದರಲ್ಲಿ ಸ್ವಲ್ಪ ಕೊರತೆ ಉಳಿದಿದೆ. ಕೊನೆ ಕೊಯ್ಯುವಾಗ ಅದು ಅಡ್ಡಿಯಾಗುವುದಿಲ್ಲ, ಬೊಗಸೆಯಲ್ಲಿ ನೀರು ಹಿಡಿಯುವಾಗ ಗೊತ್ತಾಗುತ್ತದೆ ಎಂದು ಅವನೇ ಹೇಳಿದ.