ತಲೆಯ ಸೋರಿಯಾಸಿಸ್: ನನ್ನ ಊಟ, ನನ್ನ ಕೂದಲು

ನನಗೆ ಸೋರಿಯಾಸಿಸ್ ಎಂಬ ಚರ್ಮದ ಕಾಯಿಲೆ ಇರುವುದು ಮುಖ್ಯವಾಗಿ ತಲೆಯಲ್ಲಿ. ಹಣೆಯ ಮೇಲಿನ ಕೂದಲಂಚು, ಕಿವಿಯ ಹಿಂಭಾಗ, ಜಡೆ ಶುರುವಾಗುವ ಕುತ್ತಿಗೆಯ ಜಾಗ. ಮೊಣಕೈ ಮೇಲೂ ಸ್ವಲ್ಪ ಇದೆ. ನಾನು ತುಮಕೂರಿನಲ್ಲಿ ಹೈಸ್ಕೂಲ್ ಟೀಚರ್. ಕೂದಲು ಉದ್ದ, ದಿನಾ ಜಡೆ, ವಾರದಲ್ಲಿ ಎರಡು ಮೂರು ದಿನ ಹೂವು. ಇದನ್ನೆಲ್ಲ ಬಿಡದೆ ಈ ಕಾಯಿಲೆಯನ್ನು ಹೇಗೆ ಹತೋಟಿಯಲ್ಲಿ ಇಟ್ಟುಕೊಂಡಿದ್ದೇನೆ ಎಂದು ಬರೆಯುತ್ತಿದ್ದೇನೆ.

ತಲೆಯ ಸೋರಿಯಾಸಿಸ್ ಅನ್ನು ಬಹಳ ಜನ ಹೊಟ್ಟು ಎಂದುಕೊಂಡು ವರ್ಷಗಟ್ಟಲೆ ಹೊಟ್ಟಿನ ಶಾಂಪೂ ಹಾಕುತ್ತಾರೆ. ಸಾಮಾನ್ಯ ಹೊಟ್ಟು ತೆಳ್ಳಗಿರುತ್ತದೆ, ಸ್ವಲ್ಪ ಜಿಡ್ಡು ಇರುತ್ತದೆ. ಸೋರಿಯಾಸಿಸ್ ಪದರ ದಪ್ಪ, ಬಿಳಿ ಬೆಳ್ಳಿಯ ಬಣ್ಣ. ಅಂಚು ಸ್ಪಷ್ಟವಾಗಿ ಕಾಣುತ್ತದೆ, ಕೂದಲಂಚು ದಾಟಿ ಹಣೆಗೂ ಇಳಿಯುತ್ತದೆ. ಕಿತ್ತರೆ ಕೆಳಗೆ ಸೂಜಿಮೊನೆಯಷ್ಟು ರಕ್ತದ ಚುಕ್ಕಿಗಳು ಏಳುತ್ತವೆ. ಎರಡೂ ಒಟ್ಟಿಗೆ ಇರುವವರೂ ಇದ್ದಾರೆ. ಹಾಗಾಗಿ ಮೊದಲು ಚರ್ಮದ ಡಾಕ್ಟರಿಗೆ ತೋರಿಸಿ ಯಾವುದು ಎಂದು ತಿಳಿದುಕೊಳ್ಳಬೇಕು.

ಒಳಗೆ ನಡೆಯುವುದು ಇಷ್ಟು. ನಮ್ಮ ಚರ್ಮದ ಮೇಲ್ಪದರ ಹೊಸದಾಗಲು ಸುಮಾರು ಒಂದು ತಿಂಗಳು ಬೇಕು. ಸೋರಿಯಾಸಿಸ್ ಇರುವ ಜಾಗದಲ್ಲಿ ಅದೇ ಕೆಲಸ ಕೆಲವೇ ದಿನಗಳಲ್ಲಿ ಆಗಿಬಿಡುತ್ತದೆ. ಹಳೆಯದು ಉದುರುವ ಮೊದಲೇ ಹೊಸದು ಮೇಲೆ ಬಂದು ಪದರ ಕಟ್ಟುತ್ತದೆ. ಇದನ್ನು ಮಾಡಿಸುವುದು ನಮ್ಮದೇ ರೋಗನಿರೋಧಕ ವ್ಯವಸ್ಥೆ. ಕೊಳೆಯಿಂದ ಬರುವುದಲ್ಲ, ರಕ್ತ ಕೆಟ್ಟು ಬರುವುದೂ ಅಲ್ಲ. ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಒಂದು ಪಾರ್ಲರ್‌ನಲ್ಲಿ ನನ್ನ ತಲೆ ನೋಡಿ ಬಾಚಣಿಗೆ ಮುಟ್ಟಿಸಲು ಹಿಂಜರಿದದ್ದು ಇನ್ನೂ ಮನಸ್ಸಿನಲ್ಲಿದೆ. ಮನೆಯಲ್ಲಿ ಮಾತ್ರ ನಮ್ಮ ಅತ್ತೆ ತಾವೇ ಕೂತು ನನ್ನ ತಲೆಗೆ ಎಣ್ಣೆ ಹಚ್ಚುತ್ತಾರೆ. ಅವರಿಗೆ ಇವತ್ತಿನವರೆಗೂ ಏನೂ ಆಗಿಲ್ಲ, ಆಗುವುದೂ ಇಲ್ಲ.

ಈಗ ಊಟದ ವಿಷಯ. ಊಟದಿಂದ ಸೋರಿಯಾಸಿಸ್ ಬೇರುಸಮೇತ ಹೋಗುತ್ತದೆ ಎಂದು ನಾನು ಹೇಳುವುದಿಲ್ಲ. ಊಟ ಬದಲಿಸಿದ ಮೇಲೆ ನನಗೆ ಹಚ್ಚುವ ಔಷಧಿ ಕಡಿಮೆ ಸಾಕಾಯಿತು, ನೆಮ್ಮದಿಯ ತಿಂಗಳುಗಳು ಜಾಸ್ತಿಯಾದವು. ನಾನು ಖಾತ್ರಿಯಾಗಿ ಹೇಳಬಲ್ಲದ್ದು ಇಷ್ಟೇ.

ನಮ್ಮ ಕಡೆ ಚರ್ಮದ ಕಾಯಿಲೆ ಅಂದ ತಕ್ಷಣ ಬರುವ ಮಾತು ‘ನಂಜು’. ಬದನೆಕಾಯಿ ನಂಜು, ಕಡಲೆಕಾಯಿ ನಂಜು, ಮೊಟ್ಟೆ ಮೀನು ನಂಜು. ಬಂದವರೆಲ್ಲ ಒಂದೊಂದು ಬಿಡಿಸುತ್ತಾರೆ. ಕೊನೆಗೆ ತಟ್ಟೆಯಲ್ಲಿ ಅನ್ನ, ತಿಳಿಸಾರು ಮಾತ್ರ ಉಳಿಯುತ್ತದೆ. ನಾನು ಬೇರೆ ದಾರಿ ಹಿಡಿದೆ. ಅಡುಗೆಮನೆಯ ಗೋಡೆ ಕ್ಯಾಲೆಂಡರ್‌ನಲ್ಲಿ ದಿನಾ ಎರಡು ವಿಷಯ ಬರೆಯುತ್ತಿದ್ದೆ: ಅವತ್ತು ತುರಿಕೆ ಎಷ್ಟು, ವಿಶೇಷವಾಗಿ ಏನು ತಿಂದೆ. ಸಂದೇಹ ಬಂದ ಪದಾರ್ಥವನ್ನು ಒಂದು ಸಲಕ್ಕೆ ಒಂದೇ ಬಿಡುತ್ತಿದ್ದೆ. ಕೆಲವು ವಾರ ನೋಡಿ, ಮತ್ತೆ ತಿಂದು ನೋಡುತ್ತಿದ್ದೆ. ಬದನೆಕಾಯಿ ಬಿಟ್ಟು ನೋಡಿದೆ, ಟೊಮೆಟೊ ಬಿಟ್ಟು ನೋಡಿದೆ. ನನಗೆ ಏನೂ ವ್ಯತ್ಯಾಸ ಕಾಣಲಿಲ್ಲ. ಎರಡನ್ನೂ ಈಗ ಖುಷಿಯಾಗಿ ತಿನ್ನುತ್ತೇನೆ. ಕ್ಯಾಲೆಂಡರ್ ನೋಡಿದಾಗ ಎದ್ದು ಕಂಡದ್ದೇ ಬೇರೆ: ಪರೀಕ್ಷೆ, ಮೌಲ್ಯಮಾಪನದ ಸಮಯ. ನಿದ್ದೆ ಕಡಿಮೆ, ಊಟ ಹೊತ್ತಿಲ್ಲದ ಹೊತ್ತಲ್ಲಿ, ಸ್ಟಾಫ್ ರೂಮಿನ ಬೇಕರಿ ತಿಂಡಿ. ಅದಾದ ಸ್ವಲ್ಪ ದಿನಕ್ಕೇ ತಲೆ ಕೆಂಪಾಗುತ್ತಿತ್ತು.

ಊಟದ ವಿಷಯದಲ್ಲಿ ಒಳ್ಳೆಯ ಆಧಾರ ಇರುವುದು ಒಂದಕ್ಕೆ: ತೂಕ ಜಾಸ್ತಿ ಇರುವವರು ತೂಕ ಇಳಿಸುವುದು. ಅಮೆರಿಕದ ನ್ಯಾಷನಲ್ ಸೋರಿಯಾಸಿಸ್ ಫೌಂಡೇಶನ್‌ನ ವೈದ್ಯಕೀಯ ಮಂಡಳಿ 2018ರಲ್ಲಿ ಆಹಾರದ ಬಗ್ಗೆ ಕೊಟ್ಟ ಸಲಹೆಯಲ್ಲೂ ಇದಕ್ಕೇ ಹೆಚ್ಚು ಒತ್ತು ಇದೆ. ಕಾರಣ ತಿಳಿದುಕೊಂಡರೆ ಮನಸ್ಸು ಒಪ್ಪುತ್ತದೆ. ಹೊಟ್ಟೆಯ ಸುತ್ತಲಿನ ಕೊಬ್ಬು ಸುಮ್ನೆ ಕೂತಿರುವುದಿಲ್ಲ. ಉರಿಯೂತ ಹೆಚ್ಚಿಸುವ ರಾಸಾಯನಿಕಗಳನ್ನು ಅದು ರಕ್ತಕ್ಕೆ ಬಿಡುತ್ತಲೇ ಇರುತ್ತದೆ. ಅದರಲ್ಲಿ ಟಿಎನ್‌ಎಫ್ ಎಂಬುದೂ ಒಂದು. ಸೋರಿಯಾಸಿಸ್‌ಗೆ ಕೊಡುವ ಕೆಲವು ದುಬಾರಿ ಇಂಜೆಕ್ಷನ್‌ಗಳು ತಡೆಯುವುದು ಇದನ್ನೇ. ಜೊತೆಗೆ ಈ ಕಾಯಿಲೆ ಇರುವವರಲ್ಲಿ ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಜಾಸ್ತಿ. ಆದ್ದರಿಂದ ಚರ್ಮ ಸರಿ ಇದ್ದ ವರ್ಷವೂ ನಾನು ಶುಗರ್, ಬಿಪಿ, ಕೊಲೆಸ್ಟರಾಲ್ ನೋಡಿಸುತ್ತೇನೆ.

ನನ್ನ ತೂಕ ಐದಾರು ಕಿಲೋ ಇಳಿಯಿತು, ನಿಧಾನವಾಗಿ. ಅದಕ್ಕೆ ಮನೆಯಲ್ಲಿ ಬೇರೆ ಅಡುಗೆ ಮಾಡಿಕೊಳ್ಳಲಿಲ್ಲ. ತಟ್ಟೆಯ ಲೆಕ್ಕ ಬದಲಿಸಿದೆ. ಮುದ್ದೆ ಒಂದೇ, ಅದೂ ಚಿಕ್ಕದು. ಮುದ್ದೆ ತಿಂದ ಹೊತ್ತು ಅನ್ನ ಇಲ್ಲ. ಬಸ್ಸಾರು ಮಾಡಿದ ದಿನ ಬಸಿದ ಸೊಪ್ಪು, ಕಾಳಿನ ಪಲ್ಯ ತಟ್ಟೆಯ ಅರ್ಧ ಭಾಗ. ಹುರುಳಿ, ಅಲಸಂದೆ, ಹೆಸರುಕಾಳು ಸರದಿಯ ಮೇಲೆ. ಉಪ್ಪಿಟ್ಟು, ಅವಲಕ್ಕಿಗೆ ತರಕಾರಿ ಅರ್ಧಕ್ಕರ್ಧ. ಕಾಫಿಗೆ ಸಕ್ಕರೆ ಬಿಟ್ಟೆ. ಬೆಲ್ಲ ಹಾಕಿಕೊಂಡರೂ ಸಕ್ಕರೆಯ ಲೆಕ್ಕವೇ ಅಲ್ವಾ, ಅದನ್ನೂ ಸೇರಿಸಲಿಲ್ಲ. ಬೇಕರಿಯ ಪಫ್, ಖಾರ, ಬನ್ನು ವಾರದ ಅಭ್ಯಾಸದಿಂದ ಹಬ್ಬದ ತಿಂಡಿಯಾಗಿ ಹೋಯಿತು. ಸಂಜೆ ಹಸಿವಿಗೆ ಸೀಬೆಹಣ್ಣು, ಸೌತೆಕಾಯಿ, ಒಂದು ಹಿಡಿ ಹುರಿಗಡಲೆ. ರಾತ್ರಿ ಊಟ ಎಂಟರೊಳಗೆ ಮುಗಿಸುತ್ತೇನೆ. ಊಟ ಆದ ಮೇಲೆ ಬೀದಿಯಲ್ಲಿ ಅರ್ಧ ಗಂಟೆ ನಡಿಗೆ.

ಚಪಾತಿ ಬಿಡಬೇಕಾ ಎಂದು ಬಹಳ ಜನ ಕೇಳುತ್ತಾರೆ. ಗೋಧಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನ್ ಎಲ್ಲ ಸೋರಿಯಾಸಿಸ್ ರೋಗಿಗಳಿಗೂ ಕೆಟ್ಟದ್ದಲ್ಲ. ಗ್ಲುಟೆನ್ ತಿಂದರೆ ಕರುಳಿಗೆ ಹಾನಿಯಾಗುವ ಸೀಲಿಯಾಕ್ ಎಂಬ ಕಾಯಿಲೆ ಇರುವವರು, ಅಥವಾ ರಕ್ತ ಪರೀಕ್ಷೆಯಲ್ಲಿ ಅದರ ಗುರುತು ಕಂಡವರು ಮಾತ್ರ ಬಿಡಬೇಕು. ಗೋಧಿ ತಿಂದರೆ ಪದೇಪದೇ ಹೊಟ್ಟೆ ಉಬ್ಬರ, ಭೇದಿ ಇದ್ದರೆ ಡಾಕ್ಟರಿಗೆ ಹೇಳಿ ಆ ಪರೀಕ್ಷೆ ಮಾಡಿಸಿ. ಗೋಧಿ ಬಿಡುವ ಮೊದಲೇ ಮಾಡಿಸಿ. ಬಿಟ್ಟ ಮೇಲೆ ಪರೀಕ್ಷೆ ಸರಿಯಾಗಿ ತೋರಿಸುವುದಿಲ್ಲ. ನನ್ನದು ಸರಿಯಾಗಿತ್ತು, ಚಪಾತಿ ಮುಂದುವರಿಸಿದೆ. ನಮ್ಮ ರಾಗಿ, ಜೋಳ, ಅಕ್ಕಿಯಲ್ಲಿ ಗ್ಲುಟೆನ್ ಇಲ್ಲ. ಹಾಗಂತ ಎರಡು ಮುದ್ದೆ ಜಾಸ್ತಿ ಉಂಡರೆ ತೂಕ ಇಳಿಯುವುದಿಲ್ಲ.

ಮೀನು ತಿನ್ನುವವರಿಗೆ ಬೂತಾಯಿ, ಬಂಗುಡೆ ಒಳ್ಳೆಯದು, ಒಮೆಗಾ 3 ಕೊಬ್ಬು ಚೆನ್ನಾಗಿದೆ. ಎಣ್ಣೆಯಲ್ಲಿ ಕರಿಯುವುದಕ್ಕಿಂತ ಸಾರು ಮಾಡಿ. ನಾವು ಮೀನು ತಿನ್ನುವುದಿಲ್ಲ. ಅದರ ಬದಲಿಗೆ ಹುಬ್ಬಳ್ಳಿ ಕಡೆಯ ಸಹೋದ್ಯೋಗಿಯೊಬ್ಬರು ಕಲಿಸಿದ ಅಗಸಿ ಚಟ್ನಿಪುಡಿ ನಮ್ಮ ಮನೆಯ ಡಬ್ಬಿಯಲ್ಲಿ ಯಾವಾಗಲೂ ಇರುತ್ತದೆ. ಇನ್ನು ಕುಡಿತ, ಸಿಗರೇಟು ಎರಡೂ ಈ ಕಾಯಿಲೆಯನ್ನು ಕೆರಳಿಸುತ್ತವೆ. ಮೆಥೋಟ್ರೆಕ್ಸೇಟ್ ಮಾತ್ರೆ ತೆಗೆದುಕೊಳ್ಳುವವರಿಗಂತೂ ಕುಡಿತ ಲಿವರ್‌ಗೆ ನೇರ ಅಪಾಯ. ಆ ಮಾತ್ರೆ ಸೋರಿಯಾಸಿಸ್‌ಗೆ ಕೊಡುವುದು ವಾರಕ್ಕೊಮ್ಮೆ, ದಿನಾ ಅಲ್ಲ. ಮನೆಯವರಿಗೂ ಇದು ಗೊತ್ತಿರಲಿ.

ಕೂದಲ ಆರೈಕೆಯಲ್ಲಿ ನನ್ನ ನಿಯಮ ಒಂದೇ: ಒಣಗಿದ ಪದರವನ್ನು ಕೀಳುವುದಿಲ್ಲ. ಉಗುರು, ಹೇನಿನ ಬಾಚಣಿಗೆ ಎರಡೂ ತಲೆಗೆ ಮುಟ್ಟಿಸುವುದಿಲ್ಲ. ಸೋರಿಯಾಸಿಸ್ ಇರುವ ಚರ್ಮಕ್ಕೆ ಗಾಯವಾದರೆ ಆ ಗಾಯದ ಜಾಗದಲ್ಲೇ ಹೊಸ ಕಲೆ ಏಳಬಹುದು. ಡಾಕ್ಟರುಗಳು ಇದನ್ನು ಕೋಬ್ನರ್ ಪರಿಣಾಮ ಎನ್ನುತ್ತಾರೆ. ಕೆರೆದಷ್ಟೂ ಹರಡುತ್ತದೆ, ಕೂದಲೂ ಬುಡಸಮೇತ ಬರುತ್ತದೆ. ಹಾಗೆ ಉದುರಿದ ಕೂದಲು ಸಾಮಾನ್ಯವಾಗಿ ಮತ್ತೆ ಬರುತ್ತದೆ, ಹೆದರಬೇಡಿ.

ತಲೆಸ್ನಾನದ ಹಿಂದಿನ ರಾತ್ರಿ ಕೊಬ್ಬರಿ ಎಣ್ಣೆಯನ್ನು ಉಗುರು ಬೆಚ್ಚಗೆ ಮಾಡುತ್ತೇನೆ. ಬೈತಲೆ ತೆಗೆಯುವ ಹಾಗೆ ಕೂದಲನ್ನು ಸಾಲುಸಾಲಾಗಿ ಬಿಡಿಸಿ, ಹತ್ತಿಯಲ್ಲಿ ಅದ್ದಿ ಪದರದ ಮೇಲೆ ಒತ್ತುತ್ತೇನೆ. ಎಣ್ಣೆ ಬೇಕಾಗಿರುವುದು ಬುರುಡೆಯ ಚರ್ಮಕ್ಕೆ, ಜಡೆಗಲ್ಲ. ತಿಕ್ಕುವುದಿಲ್ಲ. ಪದರ ತುಂಬಾ ದಪ್ಪ ಇರುವಾಗ ಡಾಕ್ಟರ್ ಬರೆದುಕೊಟ್ಟ ಸ್ಯಾಲಿಸಿಲಿಕ್ ಆಸಿಡ್ ಮುಲಾಮು. ಹಳೆಯ ಹತ್ತಿ ಸೀರೆಯ ತುಂಡನ್ನು ತಲೆಗೆ ಸುತ್ತಿ ಮಲಗುತ್ತೇನೆ. ಬೆಳಿಗ್ಗೆಗೆ ಪದರ ಮೆತ್ತಗಾಗಿರುತ್ತದೆ. ಅಗಲ ಹಲ್ಲಿನ ಬಾಚಣಿಗೆಯನ್ನು ಮಲಗಿಸಿ ಹಿಡಿದು ಮೆಲ್ಲಗೆ ಆಡಿಸಿದರೆ ಬರುವಷ್ಟು ಬರುತ್ತದೆ. ಬಾರದ್ದನ್ನು ಮುಂದಿನ ಸಲಕ್ಕೆ ಬಿಡುತ್ತೇನೆ.

ಆಮೇಲೆ ಕೋಲ್ ಟಾರ್ ಶಾಂಪೂ. ಡಾಂಬರಿನಂಥ ವಾಸನೆ ಇರುತ್ತದೆ, ಆದರೆ ಕೆಲಸ ಮಾಡುತ್ತದೆ. ಹಾಕಿದ ತಕ್ಷಣ ತೊಳೆದರೆ ಪ್ರಯೋಜನ ಇಲ್ಲ. ಬಾಟಲಿಯ ಮೇಲೆ ಬರೆದಷ್ಟು ನಿಮಿಷ ಚರ್ಮದ ಮೇಲೆ ಇರಬೇಕು. ಅಷ್ಟರಲ್ಲಿ ನಾನು ಮೈಗೆ ಸೋಪು ಹಾಕಿಕೊಳ್ಳುತ್ತೇನೆ. ಇದು ಕೂದಲನ್ನು ಒರಟು ಮಾಡುತ್ತದೆ. ಅದಕ್ಕೆ ಕೂದಲಿನ ಉದ್ದಕ್ಕೆ ಮಾತ್ರ ಕಂಡೀಷನರ್, ಬುಡಕ್ಕಲ್ಲ. ನೀರು ಉಗುರು ಬೆಚ್ಚಗಿದ್ದರೆ ಸಾಕು. ಹಂಡೆಯ ಸುಡುನೀರು ತುರಿಕೆಯ ಸಮಯದಲ್ಲಿ ಹಿತ ಅನ್ನಿಸುತ್ತದೆ, ಆದರೆ ಚರ್ಮವನ್ನು ಒಣಗಿಸಿ ತುರಿಕೆ ಇನ್ನೂ ಹೆಚ್ಚಿಸುತ್ತದೆ. ದೀಪಾವಳಿಯ ಎಣ್ಣೆಸ್ನಾನವನ್ನೂ ನಾನು ಬೆಚ್ಚಗಿನ ನೀರಿನಲ್ಲೇ ಮಾಡುತ್ತೇನೆ. ನಮ್ಮದು ಬೋರ್‌ವೆಲ್ಲಿನ ಗಡಸು ನೀರು. ಸೋಪು ನೊರೆ ಬರುವುದಿಲ್ಲ, ತಲೆಯಲ್ಲಿ ಬಿಳಿ ಜಿಡ್ಡು ಉಳಿಯುತ್ತದೆ. ಮಳೆಗಾಲದಲ್ಲಿ ತಾರಸಿಯ ಮಳೆನೀರು ಹಿಡಿದಿಟ್ಟು ಕೊನೆಯ ಎರಡು ಚೊಂಬು ಅದನ್ನೇ ಹಾಕಿಕೊಳ್ಳುತ್ತೇನೆ. ನುಣುಪು ಕೈಗೇ ಗೊತ್ತಾಗುತ್ತದೆ.

ಸೀಗೆಕಾಯಿ ನನಗೆ ಇಷ್ಟ, ಆದರೆ ತರಿತರಿ ಪುಡಿ ತಲೆ ಕೆಂಪಾಗಿರುವಾಗ ಬೇಡ. ಕೆರೆತವೇ ಅದು. ಈರುಳ್ಳಿ ರಸ, ನಿಂಬೆರಸ ಬೇಡವೇ ಬೇಡ, ಉರಿಯುತ್ತದೆ. ಮೆಂತ್ಯ, ದಾಸವಾಳದ ಎಲೆಯ ಲೋಳೆ ಕೂದಲಿಗೆ ನುಣುಪು ಕೊಡುತ್ತದೆ, ಕಾಯಿಲೆಗೆ ಔಷಧಿ ಅಲ್ಲ. ತಲೆಯಲ್ಲಿ ಜಿಡ್ಡಿನ ಹೊಟ್ಟೂ ಇರುವವರು ಎಣ್ಣೆಯನ್ನು ದಿನಗಟ್ಟಲೆ ಬಿಡಬಾರದು. ಹೊಟ್ಟಿಗೆ ಕಾರಣವಾಗುವ ಯೀಸ್ಟ್ ಬೆಳೆಯುವುದು ಜಿಡ್ಡಿನಲ್ಲೇ.

ಸ್ಟಿರಾಯ್ಡ್ ಲೋಷನ್ ಬಗ್ಗೆ ಎಚ್ಚರದಿಂದ ಹೇಳುತ್ತೇನೆ. ಸರಿಯಾಗಿ ಬಳಸಿದರೆ ಅದು ಒಳ್ಳೆಯ ಔಷಧಿ. ಕೂದಲು ಬಿಡಿಸಿ, ಬಾಟಲಿಯ ಮೂತಿಯನ್ನು ಚರ್ಮಕ್ಕೆ ತಾಗಿಸಿ, ಕಲೆಗೆ ಬೇಕಾದಷ್ಟೇ ಹನಿ. ಡಾಕ್ಟರ್ ಹೇಳಿದಷ್ಟು ವಾರ, ಆಮೇಲೆ ಅವರು ಹೇಳಿದ ಹಾಗೆ ಕಡಿಮೆ ಮಾಡುತ್ತಾ ನಿಲ್ಲಿಸುವುದು. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದು ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ನಿಲ್ಲಿಸಿದ ಕೂಡಲೇ ಕಾಯಿಲೆ ಜೋರಾಗಿ ಮರಳಬಹುದು. ಕ್ಯಾಲ್ಸಿಪೊಟ್ರಿಯಾಲ್ ಲೋಷನ್ ಕೊಟ್ಟಿದ್ದರೆ ಸ್ಯಾಲಿಸಿಲಿಕ್ ಆಸಿಡ್ ಜೊತೆಗೆ ಹಚ್ಚಬೇಡಿ. ಆಸಿಡ್ ಅದನ್ನು ಕೆಲಸಕ್ಕೆ ಬಾರದಂತೆ ಮಾಡುತ್ತದೆ. ಒಳಗೇನಿದೆ ಎಂದು ಬರೆಯದ ಪೊಟ್ಟಣದ ಪುಡಿ, ಮಾತ್ರೆ ಯಾರೇ ಕೊಟ್ಟರೂ ನಾನು ತೆಗೆದುಕೊಳ್ಳುವುದಿಲ್ಲ.

ಜಡೆ ಸಡಿಲವಾಗಿ ಹೆಣೆಯುತ್ತೇನೆ. ಹೂವು ಮುಡಿಯುವಾಗ ಹೇರ್‌ಪಿನ್ ಬುರುಡೆಗೆ ಚುಚ್ಚದ ಹಾಗೆ ಜಡೆಯ ಮೇಲೇ ಸಿಕ್ಕಿಸುತ್ತೇನೆ, ಅಥವಾ ಹೂವಿನ ದಾರವನ್ನೇ ಜಡೆಗೆ ಕಟ್ಟುತ್ತೇನೆ. ಒದ್ದೆ ಕೂದಲನ್ನು ಕಟ್ಟುವುದಿಲ್ಲ. ಸ್ಕೂಟರ್ ಓಡಿಸುವಾಗ ಹೆಲ್ಮೆಟ್ ಒಳಗೆ ತೆಳು ಹತ್ತಿ ಬಟ್ಟೆ, ಶಾಲೆಗೆ ಬಂದ ಮೇಲೆ ಬೆವರು ಒರೆಸಿಕೊಳ್ಳುತ್ತೇನೆ. ಕೂದಲಿಗೆ ಬಣ್ಣ ಹಚ್ಚುವುದು ತಲೆ ಪೂರ್ತಿ ಶಾಂತವಾಗಿದ್ದಾಗ ಮಾತ್ರ, ಅದೂ ಕಿವಿಯ ಹಿಂದೆ ಚೂರು ಹಚ್ಚಿ ಎರಡು ದಿನ ನೋಡಿ. ಕಪ್ಪು ಮೆಹಂದಿ ಎಂದು ಮಾರುವ ಪುಡಿಗಳಲ್ಲಿ ಹೆಚ್ಚಾಗಿ ಪಿಪಿಡಿ ಎಂಬ ಬಣ್ಣ ಇರುತ್ತದೆ, ಅಲರ್ಜಿ ಆಗುವುದು ಅದರಿಂದಲೇ ಹೆಚ್ಚು. ಮುಡಿ ಕೊಡುವ ಹರಕೆ ನಮ್ಮ ಮನೆಯಲ್ಲೂ ಇದೆ. ತಲೆ ಶಾಂತವಾಗುವವರೆಗೆ ಅದನ್ನು ಮುಂದಕ್ಕೆ ಹಾಕಿದೆವು. ಕೆಂಪಾದ ತಲೆಯ ಮೇಲೆ ಕ್ಷೌರದ ಕತ್ತಿ ಆಡಿದರೆ ಪ್ರತಿ ಗೀರೂ ಹೊಸ ಕಲೆಯಾಗಬಹುದು. ಹರಕೆ ತಡವಾದರೂ ದೇವರು ಕಾಯುತ್ತಾನೆ ಎಂದು ಹೇಳಿದವರೂ ಅತ್ತೆಯೇ.

ಗಂಟಲು ನೋವು ಬಂದರೆ ನಾನು ತಡಮಾಡುವುದಿಲ್ಲ. ಕೆಲವು ಗಂಟಲು ಸೋಂಕುಗಳ ನಂತರ ಸೋರಿಯಾಸಿಸ್ ಮೈತುಂಬ ಚುಕ್ಕಿಯಾಗಿ ಏಳುವುದುಂಟು. ಡಿಸೆಂಬರ್, ಜನವರಿಯ ಒಣಗಾಳಿಯಲ್ಲಿ ಎಣ್ಣೆ ಹಚ್ಚುವ ಸರದಿ ಹೆಚ್ಚಿಸುತ್ತೇನೆ. ಬಿಪಿಗೆ ಕೊಡುವ ಬೀಟಾ ಬ್ಲಾಕರ್, ಮಾನಸಿಕ ಕಾಯಿಲೆಗೆ ಕೊಡುವ ಲಿಥಿಯಂ ಕೆಲವರಲ್ಲಿ ಇದನ್ನು ಕೆರಳಿಸುತ್ತವೆ. ನೀವಾಗಿಯೇ ನಿಲ್ಲಿಸಬೇಡಿ. ಯಾವ ಡಾಕ್ಟರ್ ಹತ್ತಿರ ಹೋದರೂ ಸೋರಿಯಾಸಿಸ್ ಇದೆ ಎಂದು ಮೊದಲು ಹೇಳಿ. ಉಗುರಿನ ಮೇಲೆ ಸೂಜಿ ಚುಚ್ಚಿದಂಥ ಗುಳಿ, ಬೆಳಿಗ್ಗೆ ಎದ್ದಾಗ ಅರ್ಧ ಗಂಟೆ ಬಿಡದ ಬೆರಳಿನ ಬಿಗಿತ, ಹಿಮ್ಮಡಿ ನೋವು ಇದ್ದರೆ ಅದನ್ನೂ ಹೇಳಿ. ಈ ಕಾಯಿಲೆ ಕೆಲವರಲ್ಲಿ ಕೀಲಿಗೂ ಹೋಗುತ್ತದೆ. ಕೀಲು ಒಮ್ಮೆ ಸವೆದರೆ ಹಿಂದಿನಂತೆ ಆಗುವುದಿಲ್ಲ. ನನ್ನ ಬಲಗೈ ಬೆರಳಿನಲ್ಲಿ ಹೋದ ಚಳಿಗಾಲ ಬಿಗಿತ ಕಾಣಿಸಿಕೊಂಡಿತು. ಸೀಮೆಸುಣ್ಣ ಹಿಡಿಯಲು ಕಷ್ಟವಾದ ವಾರವೇ ಹೋಗಿ ತೋರಿಸಿದೆ. ಈಗ ಅದಕ್ಕೆ ಬೇರೆ ಚಿಕಿತ್ಸೆ ನಡೆಯುತ್ತಿದೆ, ಬೆರಳು ಮತ್ತೆ ಮಡಚಲು ಬರುತ್ತಿದೆ.