ಮೂರು ಹೊಸೂರು, ಒಂದು ಉರ್ಫ್

ನಮ್ಮ ಅಡ್ಡಹೆಸರು ಹೊಸೂರ. ಮೂಲ ಹುಡುಕಲು ಇದಕ್ಕಿಂತ ಕೆಟ್ಟ ಹೆಸರು ಉತ್ತರ ಕರ್ನಾಟಕದಲ್ಲಿ ಇರಲಾರದು; ಯಾವ ದಿಕ್ಕಿಗೆ ಹೊರಟರೂ ಒಂದು ಹೊಸೂರು ಅಡ್ಡ ಬರುತ್ತದೆ. "ಮೆಣಸಿನಕಾಯಿ ಎಂದಿದ್ದರೆ ವ್ಯಾಪಾರ ಎನ್ನಬಹುದಿತ್ತು, ಹಿರೇಮಠ ಎಂದಿದ್ದರೆ ಮಠವಾದರೂ ಸಿಗುತ್ತಿತ್ತು. ನಿನಗೇನು ಸಿಗುತ್ತದೆ?" ಎಂದು ಕಾಕಾ ನಕ್ಕಿದ್ದರು. ಈಗ ಏಳು ತಲೆಮಾರಿನ ಹೆಸರು ನನ್ನ ಬಳಿ ಇವೆ. ಕಾಕಾ ಜೆರಾಕ್ಸ್ ಕೇಳಿದ್ದಾರೆ.

ಮೊದಲ ಎರಡು ವರ್ಷ ನೀರಿನಲ್ಲಿ ಹೋಯಿತು. ಮೂರು ಹೊಸೂರು ಸುತ್ತಿದೆ. ಬಸ್ಸು, ಬಾಡಿಗೆ ಕಾರು ಸೇರಿ 14,000 ರೂಪಾಯಿ ಆಗಿರಬೇಕು. ಎಲ್ಲ ಕಡೆ ಒಂದೇ ಪ್ರಶ್ನೆ: "ಹೊಸೂರ ಮನೆತನ ಯಾವುದು?" ಎರಡನೆಯ ಊರಿನಲ್ಲಿ ಕಟ್ಟೆಯ ಮೇಲೆ ಕುಳಿತಿದ್ದ ಅಜ್ಜ, "ಇಲ್ಲಿ ಇರುವವರೆಲ್ಲ ಹೊಸೂರಿನವರೇ ತಮ್ಮಾ, ನಿನಗೆ ಯಾರು ಬೇಕು?" ಎಂದಾಗ ನಾಚಿಕೆಯಾಯಿತು. ಊರ ಹೆಸರು ಅಂಟುವುದು ಆ ಊರು ಬಿಟ್ಟ ಮೇಲೆ, ಹೋಗಿ ಸೇರಿದ ಊರಿನವರ ಬಾಯಲ್ಲಿ. ಬಿಟ್ಟ ಊರಿನಲ್ಲಿ ಅದನ್ನು ಕೇಳಿದರೆ ಯಾರು ಗುರುತಿಸಬೇಕು?

ಡಿಎನ್‌ಎ ಪರೀಕ್ಷೆಗೆ 7,000 ಸುರಿದೆ. ನಾನು ದಕ್ಷಿಣ ಏಷ್ಯಾದವನು ಎಂಬ ವರದಿ ಬಂತು. ಆ ಬಗ್ಗೆ ನನಗೆ ಸಂಶಯವೇ ಇರಲಿಲ್ಲ. ಅಟ್ಟದ ಮೇಲಿದ್ದ, ಹಿಂದೆ ಮರಾಠಿ ಬರೆಯಲು ಬಳಸುತ್ತಿದ್ದ ಮೋಡಿ ಲಿಪಿಯ ಹನ್ನೊಂದು ಪುಟಗಳನ್ನು ಪುಟಕ್ಕೆ 300 ಕೊಟ್ಟು ಓದಿಸಿದೆ. ಪಕ್ಕದ ಮನೆಯವರ ಬಾವಿಯ ತಕರಾರು!

ನಡುವೆ ಒಂದು ಹುಚ್ಚು. ಮನೆಯಲ್ಲಿದ್ದ 200ಕ್ಕೂ ಹೆಚ್ಚು ಲಗ್ನಪತ್ರಿಕೆಗಳನ್ನು ಹರವಿಕೊಂಡು ಅಡ್ಡಹೆಸರುಗಳನ್ನು ವಿಂಗಡಿಸಿದೆ. ಬೆಲ್ಲದ, ಉಳ್ಳಾಗಡ್ಡಿ ಒಂದು ಕಡೆ. ಕುಲಕರ್ಣಿ, ದೇಸಾಯಿ ಇನ್ನೊಂದು ಕಡೆ. ಉಳಿದವುಗಳಲ್ಲಿ ಬಹುಪಾಲು ಊರ ಹೆಸರು. ಹೆಸರಿನ ಊರಲ್ಲೇ ವಾಸವಿದ್ದವರು ಇಬ್ಬರೋ ಮೂವರೋ. ವಿಚಾರಿಸಿದರೆ ಅವರೂ ಹೊರಗೆ ಹೋಗಿ ಮರಳಿದವರೇ.

ಅಂದರೆ ಬೇಕಾದದ್ದು ಹೊಸೂರಕ್ಕಿಂತ ಹಿಂದಿನ ಹೆಸರು. ಅದು ಸಿಕ್ಕಿದ್ದು ನಮ್ಮದೇ ಹೊಲದ ಕೈಬರಹದ ದಾಖಲೆಯಲ್ಲಿ. ಗಣಕೀಕೃತ ಉತಾರದಲ್ಲಿ (ಪಹಣಿಯಲ್ಲಿ) ಇಲ್ಲದ ಒಂದು ಪದ 1930ರ ಆಸುಪಾಸಿನ ವಾರಸಾ ನೋಂದಣಿಯಲ್ಲಿತ್ತು: ಮುತ್ತಜ್ಜನ ಹೆಸರಿನ ಮುಂದೆ, ಶಾಯಿ ಹರಡಿ ಕಂದಾಗಿದ್ದ ಅಕ್ಷರಗಳಲ್ಲಿ, "ಹೊಸೂರ ಉರ್ಫ್ ತೆಗ್ಗಿನಮನಿ". ನಕಲಿಗೆ ಆದ ಖರ್ಚು ನೂರು ರೂಪಾಯಿಯೂ ಇಲ್ಲ.

ಮತ್ತೆ ಮೂರೂ ಹೊಸೂರು. ಮೂರನೆಯದರಲ್ಲಿ "ತೆಗ್ಗಿನಮನಿ" ಎನ್ನುತ್ತಲೇ ಒಬ್ಬಾಕೆ ಹಳ್ಳದ ಕಡೆ ಕೈ ತೋರಿಸಿದರು. ತಗ್ಗು ಹಾಗೆಯೇ ಇದೆ. ಮನೆಯ ಬದಲು ಜಾಲಿ ಬೆಳೆದಿದೆ. ಧಾತು ಸಂವತ್ಸರದ ಬರದಲ್ಲಿ, ಅಂದರೆ 1876ರಿಂದ 78ರ ನಡುವೆ, ಆ ಮನೆಯ ತಮ್ಮನೊಬ್ಬ ಊರು ಬಿಟ್ಟನೆಂಬ ಮಾತು ಅಲ್ಲಿ ಉಳಿದಿದೆ.

ಉಳಿದದ್ದನ್ನು ತುಂಬಿದವರು ಹೆಳವರು, ಅಂದರೆ ಮನೆತನಗಳ ವಂಶಾವಳಿಯನ್ನು ಬರೆದಿಟ್ಟು ಮನೆಮನೆಗೆ ಬಂದು ಓದಿ ಹೇಳುವವರು. "ಕಾಳು ಕೊಟ್ಟರೆ ಯಾರ ವಂಶವನ್ನಾದರೂ ಹೊಗಳುತ್ತಾರೆ" ಎಂದು ಗೆಳೆಯರು ಹೆದರಿಸಿದ್ದರು. ನಾನು ಮುತ್ತಜ್ಜನ ಎರಡನೆಯ ಮದುವೆಯ ಸುದ್ದಿಯನ್ನು ಬೇಕೆಂದೇ ಬಾಯಿಬಿಡಲಿಲ್ಲ. ಅವರು ಪುಸ್ತಕ ಬಿಚ್ಚಿ ಇಬ್ಬರು ಹೆಂಡಂದಿರ ಹೆಸರನ್ನೂ ಓದಿದರು. ಒಂದು ಚೀಲ ಜೋಳ, 5,000 ರೂಪಾಯಿ ಕೊಟ್ಟೆ. ನಮ್ಮ ಮನೆತನಕ್ಕೆ ನಡೆದುಕೊಳ್ಳುವ ಹೆಳವರನ್ನು ಹುಡುಕಿದ ಬಗೆಯನ್ನು ಮಾತ್ರ ಬರೆಯುವುದಿಲ್ಲ; ಅದಕ್ಕೆ ಒಂದೂವರೆ ವರ್ಷ ಹಿಡಿದಿದೆ.

ಹೆಳವರ ಪುಸ್ತಕದ ನಮ್ಮ ಪುಟದಲ್ಲಿ ಮನೆಯಲ್ಲಿ ಹುಟ್ಟಿದ ಹೆಣ್ಣುಮಕ್ಕಳ ಹೆಸರುಗಳಿಲ್ಲ. ಅವರು ಸೇರಿದ ಮನೆತನಗಳ ಪಟ್ಟಿ ಮಾಡುತ್ತಿದ್ದೇನೆ. ಲಗ್ನಪತ್ರಿಕೆಗಳ ಗಂಟನ್ನು ಮತ್ತೆ ಬಿಚ್ಚಿದ್ದೇನೆ.